ನಲವತ್ತೊಂದನೇ ನಂಬರು

ಬೆಳಗ್ಗೆ ಐದೂಮುಕ್ಕಾಲಿಗೆ ಸೊಸೈಟಿಯ ಬಾಗಿಲು ತೆಗೆಯುತ್ತೇನೆ.
ಮಂಚಕಲ್ ಪೇಟೆಯಲ್ಲಿ ಆಗ ಎದ್ದಿರುವುದು
ಮೀನಿನ ಟೆಂಪೊ, ಇಗರ್ಜಿಯ ಗಂಟೆ, ನಾನು.

ಹೆಸರಿಗಿಂತ ನಂಬರಿನಲ್ಲೇ ನನಗೆ ಜನ ಗುರ್ತ.
ಹದಿನೇಳು ಅಂದರೆ ಕೂಸಪ್ಪ ಮೂಲ್ಯ.
ಮಲೆನಾಡು ಗಿಡ್ಡ, ಸೊಂಟದೆತ್ತರದ ದನ,
ಹೊತ್ತಿಗೆ ಮೂರು ಕುಡ್ತೆ ಹಾಲು;
ಆದರೆ ಫ್ಯಾಟು ಐದು ದಾಟಿದ ದಿನ
ಕೂಸಪ್ಪನ ನಡಿಗೆಯೇ ಬೇರೆ.

ಮೂವತ್ತೆರಡು ವಾರಿಜ ಶೆಡ್ತಿ. ಎಚ್ಚೆಫ್,
ಕಪ್ಪುಬಿಳಿ ಗುಡ್ಡದಂಥದ್ದು,
ಏಪ್ರಿಲಿನ ಸೆಕೆಗೆ ನಾಲಿಗೆ ಹೊರಹಾಕಿ ಏದುತ್ತದೆ.
ಹಟ್ಟಿಗೆ ಫ್ಯಾನು ಹಾಕಿದ ಮೇಲೆ ಎರಡು ಲೀಟರು ಹೆಚ್ಚಾಯಿತು.
ಚಾವಡಿಯಲ್ಲಿ ಗಂಡನಿಗೆ ಈಗ ಬೀಸಣಿಗೆ.

ಇಪ್ಪತ್ತೊಂಬತ್ತು ಅವ್ವಮ್ಮ.
ಎಸ್ಸೆನ್ನೆಫ್ ಇಳಿದರೆ "ಬೈಹುಲ್ಲು ಮುಗಿಯಿತಾ?" ಎನ್ನುತ್ತೇನೆ.
"ಸೊಸೆಗೆ ಹೆರಿಗೆ ಮಾರಾಯ್ತಿ, ಹಿಂಡಿ ತರಲು ಯಾರಿದ್ದಾರೆ."
ಯಂತ್ರದ ಕೆಂಪು ಅಂಕಿಯಲ್ಲಿ ಹೀಗೆ
ಊರಿನ ಸುದ್ದಿ ಹೊತ್ತಿಗೆರಡು ಸಲ.

ನಲವತ್ತೊಂದು ಸೆವರಿನ್ ಬಾಯಿ.
ಅವರಿಗೂ ನನಗೂ ಮಾತಿಲ್ಲದೆ ನಾಲ್ಕು ಮಳೆಗಾಲ.
ಆಗ ಕೆಲಸಕ್ಕೆ ಸೇರಿ ತಿಂಗಳಾಗಿತ್ತು. ಲ್ಯಾಕ್ಟೋಮೀಟರು ಮುಳುಗಿತು.
ಸಾಲಿನಲ್ಲಿದ್ದ ಹನ್ನೆರಡು ಮಂದಿಗೆ ಕೇಳುವ ಹಾಗೆ
"ನೀರು" ಅಂದೆ.
ಜುಲೈಯ ಎಳೆ ಹುಲ್ಲನ್ನೇ ತಿಂದ ದನದ ಹಾಲು
ಒಮ್ಮೊಮ್ಮೆ ಹಾಗೆ ತೆಳ್ಳಗಾಗುತ್ತದೆಂದು
ನನಗೆ ಹೇಳಿಕೊಟ್ಟದ್ದು ಆಮೇಲೆ.
ಅವರು ಹಾಲು ಹಾಕುವುದನ್ನು ಬಿಡಲಿಲ್ಲ. ಕ್ಯಾನು ಇಡುತ್ತಾರೆ,
ಅಂಕಿ ನೋಡುವುದಿಲ್ಲ,
ಗೋಡೆ ನೋಡುತ್ತಾರೆ.

ಮೊನ್ನೆ ಸೋಮವಾರ ಅವರ ಹಾಲು ಸೋಸಿದ ಬಟ್ಟೆಯಲ್ಲಿ
ತೆಂಗಿನ ತುರಿಯಂಥ ನಾಲ್ಕು ಚೂರು ಉಳಿಯಿತು.
"ಇವತ್ತು ಬೇಡ ಬಾಯಿ."
"ನೀರು ಹಾಕಿಲ್ಲ."
"ನೀರಲ್ಲ."
"ಮತ್ತೆ?"
ಹಿಂದೆ ಸಾಲು. ಈ ಸಲ ಸಣ್ಣ ದನಿಯಲ್ಲಿ,
"ವ್ಯಾನು ಹೋದ ಮೇಲೆ ನಾನೇ ಬರುತ್ತೇನೆ."

ಹಟ್ಟಿ ಚೊಕ್ಕ. ಸೆಗಣಿ ಬಾಚಿ ಸುಣ್ಣ ಉದುರಿಸಿದ್ದಾರೆ.
ಜೆರ್ಸಿ ಕ್ರಾಸು, ಹೆಸರು ಪಿಂಕಿ, ಮೂರನೇ ಕರಾವು.
ನಾಲ್ಕು ಗುಳಿಯ ತಟ್ಟೆಗೆ ನಾಲ್ಕು ಮೊಲೆಯ ಹಾಲು ಹಿಂಡಿ
ನೇರಳೆ ಮದ್ದು ಹೊಯ್ದು ತಿರುಗಿಸಿದೆ.
ಮೂರರಲ್ಲಿ ಹಾಲು ಹಾಲಿನಂತೆಯೇ ಓಡಾಡಿತು,
ನಾಲ್ಕನೆಯದು ಬೆಂಡೆಯ ಲೋಳೆಯಂತೆ ಒಟ್ಟಾಗಿ ನಿಂತಿತು.
ಕೆಚ್ಚಲಿನ ಹಿಂದಿನ ಎಡಭಾಗಕ್ಕೆ
ಕುಚ್ಚಲಕ್ಕಿ ಬೇಯುವ ಮಡಕೆಯ ಬಿಸಿ.
ಮುಟ್ಟಿದರೆ ದನ ಕಾಲೆತ್ತಿತು. ಒದೆಯಲಿಲ್ಲ,
ಎತ್ತಿದ್ದನ್ನು ಹಾಗೆಯೇ ಹಿಡಿದುಕೊಂಡಿತು.

ಸೆವರಿನ್ ಬಾಯಿ ಸುಮಾರು ಹೊತ್ತು ಏನೂ ಹೇಳಲಿಲ್ಲ.
"ಶನಿವಾರ ಒದ್ದಳು. ಚೆಂಬು ಉರುಳಿತು.
ಕೋಲು ತೆಗೆದು ಎರಡು ಬಾರಿಸಿದೆ.
ಸೊಕ್ಕು ಅಂದುಕೊಂಡೆ ನಾನು."

ನಾನೂ ಒಮ್ಮೆ ನೀರು ಅಂದುಕೊಂಡಿದ್ದೆ.
ಇದನ್ನು ಅವರಿಗೆ ಹೇಳಿದೆನೋ, ದನದ ಬೆನ್ನಿಗೆ ಹೇಳಿದೆನೋ,
ಬಾಯಿಬಿಟ್ಟೇ ಹೇಳಿದೆನೋ
ಈಗ ಸರಿಯಾಗಿ ನೆನಪಿಲ್ಲ.

ಡಾಕ್ಟರು ಬಂದರು. ಮೊಲೆಯೊಳಗೆ ಟ್ಯೂಬು, ಕುತ್ತಿಗೆಗೆ ಸೂಜಿ.
ಎಂಟು ದಿನ ಹಾಲು ಸೊಸೈಟಿಗಿಲ್ಲ, ಮನೆಗಿಲ್ಲ,
ಕರುವಿಗೂ ಇಲ್ಲ.
"ಚೆಲ್ಲುವುದಾ?" ಅಂದರು. ಮತ್ತೆ ಕೇಳಿದರು. ಮತ್ತೊಮ್ಮೆ.
ಹಟ್ಟಿಯ ಹಿಂದೆ ಗುಂಡಿ ತೋಡಿ ಹೊಯ್ದರು,
ಬೆಕ್ಕು ಮೂಸದ ಹಾಗೆ ಹಲಗೆ ಮುಚ್ಚಿದರು.
ಆ ಕೋಲು ಈಗ ಅಲಸಂಡೆಯ ಬಳ್ಳಿಗೆ.
ಪುಸ್ತಕದಲ್ಲಿ ನಲವತ್ತೊಂದರ ಎದುರು
ಎರಡು ಹೊತ್ತಿನ ಲೆಕ್ಕಕ್ಕೆ ಹದಿನಾರು ಗೆರೆ ಎಳೆದೆ,
ಯಾಕೋ, ಸ್ಕೇಲು ಇಟ್ಟು.

ಒಂಬತ್ತನೇ ದಿನ ಬಂದರು.
ಮೊದಲು ಆರು ಲೀಟರು, ಈಗ ನಾಲ್ಕೂವರೆ.
ಆ ಮೊಲೆ ಈ ಕರಾವಿಗೆ ಇನ್ನಿಲ್ಲವಂತೆ.
ಬಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಯಂತ್ರ ಗುಂಯ್ ಎಂದಿತು.
ಗೋಡೆ ಬಿಟ್ಟು ಅಂಕಿಯ ಕಡೆ ತಿರುಗಿದರು,
ಕಣ್ಣು ಕಿರಿದು ಮಾಡಿ,
ಕನ್ನಡಕ ಮನೆಯಲ್ಲಿ.
"ಓದು" ಅಂದರು.

ಫ್ಯಾಟು ನಾಲ್ಕು ಪಾಯಿಂಟು ಎರಡು, ಅಂದೆ,
ಸ್ವಲ್ಪ ಜೋರಾಗಿಯೇ.