ಮೊಳೆಯ ಸಾಕ್ಷಿ

ನೂರು ಗ್ರಾಮೆಂದರೆ ನೂರೇ.
ನಾಜಿಬ್ರೋಲಾ ತಕ್ಕಡಿಯ ಮುಳ್ಳಿಗೆ ಕಣ್ಣು ತಾಗಿಸಿ
ಒಂದು ಹರಳನ್ನು ಮರಳಿ ಡಬ್ಬಕ್ಕೆ ಹಾಕುತ್ತಾಳೆ,
ಅಕ್ಕಸಾಲಿಗನ ಮುಂದೆ ಕೂತ ಗಿರಾಕಿಯ ಹಾಗೆ.

ಅವಳ ಜಾರ್ಜಿಯಾದ ಮಾತಿನಲ್ಲಿ ಇದು ಶಬಿಯಮಾನಿ.
ನಮ್ಮಲ್ಲಿ ಮೈಲುತುತ್ತ.
ಹೆಸರಿನಲ್ಲಿ ನವಿಲು ಇಣುಕುತ್ತದೆ, ತುತ್ತೂ ಇದೆ;
ಬಾಯಿಗೆ ಮಾತ್ರ ಸಲ್ಲದ್ದು.
ಡಬ್ಬದ ಮೇಲೆ ಅವಳು ತಲೆಬುರುಡೆ ಬರೆದಿದ್ದಾಳೆ,
ಮೊಮ್ಮಗ ಗೆಗಾ ಅದಕ್ಕೊಂದು ಮೀಸೆ ಬರೆದಿದ್ದಾನೆ.
ಅಂದಿನಿಂದ ಡಬ್ಬ ಅಟ್ಟದಲ್ಲಿ,
ಅಟ್ಟಕ್ಕೆ ಬೀಗ, ಬೀಗದ ಕೈ ಅವಳ ಜೇಬಿನಲ್ಲಿ.

ಎರಡು ಪ್ಲಾಸ್ಟಿಕ್ ಬಕೆಟ್ಟು.
ಒಂದರಲ್ಲಿ ಹರಳು ಕರಗಿ ಆಕಾಶವಾಗಬೇಕು,
ಇನ್ನೊಂದರಲ್ಲಿ ಸುಣ್ಣ ಹಾಲಾಗಬೇಕು.
ಆಮೇಲೆ ನೀಲಿಯನ್ನು ಬಿಳಿಗೆ ಸುರಿಯಬೇಕು, ಎಳೆ ಎಳೆಯಾಗಿ,
ಬಿಳಿಯನ್ನು ನೀಲಿಗಲ್ಲ.
"ಯಾಕಜ್ಜಿ?" ಬೇಲಿಯಾಚೆಯಿಂದ ಗೆಗಾ.
ಇವತ್ತು ಈಚೆ ಬರುವಂತಿಲ್ಲ, ಅವನೂ ಕೋಳಿಗಳೂ.
"ಸೊಸೆ ಮನೆಗೆ ಬರುತ್ತಾಳೆ.
ಮನೆಯೇ ಎದ್ದು ಸೊಸೆಯ ಬಳಿ ಹೋಗುತ್ತದೆಯೇನೋ?"

ಈಗ ಮೊಳೆ.
ಒತಿಯಾ ನೆಲಮಾಳಿಗೆಯ ಬಾಗಿಲಿಗೆ ಹೊಡೆದು ಉಳಿದದ್ದು.
ಮರಳುಕಾಗದದಲ್ಲಿ ಉಜ್ಜಿ, ಹೊಳಪಿಗೆ ತಂದು,
ದಾರ ಕಟ್ಟಿ ಇಳಿಬಿಟ್ಟು ಅರವತ್ತು ಎಣಿಸುತ್ತಾಳೆ.
ಮೇಲೆತ್ತಿದರೆ ಕೆಂಪು.
ತಾಮ್ರದ ಕೋಪ ಇನ್ನೂ ಇಳಿದಿಲ್ಲ,
ಹೀಗೇ ಹೊಡೆದರೆ ಎಲೆ ಸುಡುತ್ತದೆ.
ಇನ್ನೊಂದು ಚಿಟಿಕೆ ಸುಣ್ಣ. ಮತ್ತೆ ಉಜ್ಜು. ಮತ್ತೆ ಅರವತ್ತು.
ಈ ಸಲ ಮೊಳೆ ಮೊಳೆಯಾಗಿಯೇ ಬಂತು.

ಒತಿಯಾ ಮೊಳೆ ಅದ್ದಿದವನಲ್ಲ.
ಕಣ್ಣಳತೆ, ಕೈಯಳತೆ, ಬರಿಗೈಯಲ್ಲೇ ಕಲಕುವುದು.
ಮಳೆ ಬಂತೆಂದು ಹೊಡೆದ,
ಬರದಿದ್ದರೆ ಬಂದೀತೆಂದು ಹೊಡೆದ.
ಅವನ ಉಗುರು ನೀಲಿ, ಚಪ್ಪರದ ಕಂಬ ನೀಲಿ,
ಅಂಗಳದ ಬೆಂಚು ನೀಲಿ, ಒಂದು ವರ್ಷ ಬೆಕ್ಕೂ ನೀಲಿ.
ನಲವತ್ತು ವರ್ಷದ ಆ ನೀಲಿ ಎಲ್ಲಿ ಹೋಯಿತು?
ಎಲ್ಲೂ ಹೋಗಲಿಲ್ಲ.
ಹಳೆಯ ಸಾಲಿನ ಬುಡಕ್ಕೆ ಸನಿಕೆ ಊರಿದರೆ
ಮಣ್ಣು ಬರುತ್ತದೆ, ಎರೆಹುಳು ಬರುವುದಿಲ್ಲ.
ಗಾಳಕ್ಕೆ ಹುಳ ಬೇಕಾದರೆ ಗೆಗಾ
ಪಕ್ಕದವರ ಜೋಳದ ಹೊಲಕ್ಕೆ ಹೋಗುತ್ತಾನೆ.

ಗಾಳಿ ಇನ್ನೂ ಎದ್ದಿಲ್ಲ, ಜೇನೂ ಎದ್ದಿಲ್ಲ,
ಇಬ್ಬನಿ ಆರಿದೆ.
ಉದ್ದ ತೋಳಿನ ಅಂಗಿ, ಮೊಣಕೈವರೆಗೆ ಕೈಗವಸು,
ಜೆಸ್ತಾಫೋನಿಯ ಕಾರ್ಖಾನೆಯಿಂದ
ಅವಳ ಜೊತೆಗೇ ನಿವೃತ್ತಿಯಾಗಿ ಬಂದ ಕನ್ನಡಕ.
ಬೆನ್ನಿನ ಪಂಪು ಉಸ್ ಎನ್ನುತ್ತದೆ, ಮಂಡಿ ಉಸ್ಸಪ್ಪಾ ಎನ್ನುತ್ತದೆ.
ತ್ಸೋಲಿಕೌರಿಯ ಎಲೆ ಎಲೆಯ ಹೊಟ್ಟೆಯನ್ನೂ ಎತ್ತಿ ನೋಡಿ
ನೀಲಿ ಮಂಜು ಕೂರಿಸುತ್ತಾಳೆ, ತೊಟ್ಟಿಕ್ಕದ ಹಾಗೆ.
ಇದು ಮದ್ದಲ್ಲ, ಅಗುಳಿ.
ಒಳಹೊಕ್ಕ ಕಳ್ಳನನ್ನು ಅಗುಳಿ ಹಿಡಿದದ್ದುಂಟೇ?

ಪಂಪು ತೊಳೆದ ನೀರು ಕ್ವಿರಿಲಾ ಹೊಳೆಗಲ್ಲ.
ಅದೂ ಬಳ್ಳಿಗೇ, ತೆಳ್ಳಗೆ.
ಬಟ್ಟೆ ಬೇರೆ ತೊಟ್ಟಿಗೆ. ಕೈಗೆ ಸೋಪು, ಎರಡು ಸಲ.
ಆಮೇಲೆ ರೊಟ್ಟಿ.

ಸಂಜೆ ಮಳೆ ಬಂತು.
ತಗಡಿನ ಮೇಲೆ ಒತಿಯಾ ನಡೆದಾಡಿದ ಹಾಗೆ.
ನಾಜಿಬ್ರೋಲಾ ಎದ್ದಳು, ಪಂಪಿನ ಪಟ್ಟಿ ಮುಟ್ಟಿದಳು,
ಕ್ಯಾಲೆಂಡರಿನ ಪೆನ್ಸಿಲ್ ಗೀಟು ಎಣಿಸಿದಳು:
ಈ ಬೇಸಿಗೆಗೆ ಮೂರು.
ಪಟ್ಟಿ ಬಿಟ್ಟು ಬಂದು ಕೂತು
ಗೆಗಾನ ಜೊತೆ ಇಸ್ಪೀಟಾಡಿದಳು, ಎಲ್ಲ ಆಟವನ್ನೂ ಸೋತಳು.

ಬೆಳಿಗ್ಗೆ ಚಪ್ಪರದ ಮೂಲೆಯಲ್ಲೊಂದು ಎಲೆ,
ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ,
ಕೆಳಗೆ ಬಿಳಿ ಬೂಜು.
ಕಿತ್ತು, ಮಡಚಿ, ಒಲೆಗೆ ಹಾಕಿದಳು.
ಒಂದು ಕ್ಷಣ ಬೆಂಕಿ ಹಸಿರಾಯಿತು.
"ಅಜ್ಜಿ, ಅದೇನು?"
ಅವಳು ಒಲೆಯ ಬಾಗಿಲು ಮುಚ್ಚಿದಳು.
"ನಿಮ್ಮಜ್ಜನ ಬಾಕಿ.
ಹೋಗು, ಕೈ ತೊಳೆದುಕೊಂಡು ಬಾ."