ಶುಕ್ರವಾರದೊಳಗೆ

ಕಾಗದದಲ್ಲಿ ಇದ್ದದ್ದು ಇಷ್ಟು:
ರಸಾಯನಶಾಸ್ತ್ರ, ವಾರಕ್ಕೆ ಹದಿನೆಂಟು ಗಂಟೆ,
ಕಾಯಂ ಹುದ್ದೆ, ಪ್ರಯೋಗಾಲಯದ ಬೀಗದಕೈ,
ಶುಕ್ರವಾರದೊಳಗೆ ಉತ್ತರ.
ಸಂಬಳದ ಅಂಕಿಯನ್ನು ವರ್ದ್ಗೆಸ್ ಎರಡು ಸಲ ಓದಿದ,
ಸೊನ್ನೆಯೊಂದು ಹಿಂದೆ ಅಡಗಿದೆಯೇನೋ ಎಂದು
ಹಾಳೆ ತಿರುಗಿಸಿಯೂ ನೋಡಿದ.

ಯೆರೆವಾನಿನಲ್ಲಿ ನನಗೆ ಮೂರು ಶಾಲೆ, ಮೂರು ಬಸ್ಸು,
ಒಂದರಲ್ಲೂ ನನ್ನದೆನ್ನುವ ಕುರ್ಚಿಯಿಲ್ಲ.
ಸೀಮೆಸುಣ್ಣ ಚೀಲದಲ್ಲಿಟ್ಟುಕೊಂಡೇ ತಿರುಗುತ್ತೇನೆ
ಸೊಪ್ಪು ಮಾರುವವಳ ಹಾಗೆ.

ನೋಡಿಯಾದರೂ ಬರೋಣವೆಂದು ಮಂಗಳವಾರ ಮೊದಲ ರೈಲು ಹತ್ತಿದೆ.
ಗ್ಯುಮ್ರಿಯಲ್ಲಿ ಇಳಿದರೆ ಮಾರ್ಚ್ ತಿಂಗಳು ಇನ್ನೂ ಬಂದೇ ಇರಲಿಲ್ಲ.
ಟ್ಯಾಕ್ಸಿಯವನು ಕೇಳಿದ, "ನೆಂಟರ ಮನೆಗೋ, ಸ್ಮಶಾನಕ್ಕೋ?"
"ಕಾಲೇಜಿಗೆ. ಕೆಲಸಕ್ಕೆ."
ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ.
"ಅಕ್ಕಾ, ಎಲ್ಲರೂ ಇಲ್ಲಿಂದ ಹೋಗುವ ದಾರಿ ಕೇಳುತ್ತಾರೆ.
ಬರುವವರಿಗೆ ಎಷ್ಟು ಬಾಡಿಗೆ ಹೇಳಬೇಕೋ
ನನಗೇ ಗೊತ್ತಿಲ್ಲ."
ಆಮೇಲೆ ಸರಿಯಾಗಿಯೇ ಹೇಳಿದ. ತುಸು ಹೆಚ್ಚೇ.

ಕಪ್ಪು ಕಲ್ಲಿನ ಮನೆಗಳು, ನಡುನಡುವೆ ಕೆಂಪು ಕಲ್ಲು,
ಸೀದ ರೊಟ್ಟಿಯ ಅಂಚಿನಂತೆ.
ಇಗರ್ಜಿಯ ಮಗ್ಗುಲಲ್ಲಿ ಅದರ ಹಳೆಯ ಶಿಖರ,
ಬಿದ್ದ ದಿನ ಬಿದ್ದ ಹಾಗೇ.
ಹುಡುಗನೊಬ್ಬ ಅದಕ್ಕೆ ಒರಗಿ
ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗುಳುತ್ತಿದ್ದ.

ವಿಭಾಗದ ಮುಖ್ಯಸ್ಥೆ ಹ್ರಾನುಶ್ ಕೋಟು ಬಿಚ್ಚದೆಯೇ ಎಲ್ಲ ತೋರಿಸಿದರು:
ಆಮ್ಲದ ಕಪಾಟು, ಹೊಗೆ ಎಳೆಯದ ಹೊಗೆಗೂಡು,
ಹನ್ನೊಂದು ವಿದ್ಯಾರ್ಥಿಗಳು,
ಅವರಲ್ಲಿ ನಾಲ್ವರು ರಷ್ಯಾದ ಟಿಕೆಟ್ಟಿನ ಬೆಲೆ ನೋಡುತ್ತಿರುವವರು,
ಗಾಜಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ತಕ್ಕಡಿ.
ಎಡದ ತಟ್ಟೆಯಲ್ಲಿ ಎರಡು ಕೊಪೆಕ್ಕಿನ ನಾಣ್ಯ.
ತೆಗೆಯಹೋದ ನನ್ನ ಕೈ ತಡೆದರು:
"ಇರಲಿ. ಅದಿಲ್ಲದೆ ಮುಳ್ಳು ಸೊನ್ನೆಗೆ ಬರುವುದಿಲ್ಲ,
ಆ ಡಿಸೆಂಬರಿನಿಂದ ಹೀಗೆ.
ದೇಶ ಹೋಯಿತು. ಅದರ ದುಡ್ಡಿಗೆ
ಇದೊಂದು ಕಡೆ ಇನ್ನೂ ನೌಕರಿಯಿದೆ."

ಬಾಡಿಗೆ ಮನೆ ಮೂರನೆಯ ಮಹಡಿ. ವಾರ್ತುಶ್ ಅಜ್ಜಿ
ಗೋಡೆಯ ಬಿರುಕನ್ನು ಮುಚ್ಚಿಡಲಿಲ್ಲ, ಮೊದಲು ಅದನ್ನೇ ತೋರಿಸಿದಳು.
ಅದರ ತುದಿಗೆ ಪೆನ್ಸಿಲ್ ಗೆರೆ,
ವರ್ಷಕ್ಕೊಂದು, ಎಲ್ಲ ಒಂದರ ಮೇಲೊಂದು.
"ಕೂದಲೆಳೆಯಷ್ಟೂ ಬೆಳೆದಿಲ್ಲ ನೋಡು. ಹೇಳಿದ ಮಾತು ಕೇಳುವ ಬಿರುಕು."
ಬಾಗಿಲ ಚೌಕಟ್ಟಿನಲ್ಲಿ ಬೇರೆ ಗೆರೆಗಳಿದ್ದವು,
ನನ್ನ ಸೊಂಟದೆತ್ತರಕ್ಕೆ ಬಂದು ನಿಂತಿದ್ದವು.
ಅವುಗಳ ಬಗ್ಗೆ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಜನವರಿಯಲ್ಲಿ ಗ್ಯಾಸಿನ ಬಿಲ್ಲು ಎಷ್ಟಾಗುತ್ತದೆಂದು ಕೇಳಿದೆ.
ಹೇಳಿದಳು. ಇಬ್ಬರೂ ನಕ್ಕೆವು.

ಮರಳುವ ರೈಲಿನಲ್ಲಿ ಟಿಕೆಟ್ಟಿನ ಬೆನ್ನಿಗೆ ನಡುಗೆರೆ ಎಳೆದೆ.
ಈ ಕಡೆ ನಾರೆಯ ಪಿಟೀಲು ಮೇಷ್ಟ್ರು,
ವರ್ದ್ಗೆಸನ ಕನ್ನಡಕದ ಅಂಗಡಿ, ಅದರ ಮೇಲಿನ ಸಾಲ,
ಏಪ್ರಿಕಾಟ್ ಹೂ ಬಿಟ್ಟಾಗ ನಮ್ಮ ಅಡುಗೆಮನೆಯ ಕಿಟಕಿ.
ಆ ಕಡೆ ಒಂದು ಬೀಗದಕೈ.
ಸ್ವಲ್ಪ ಹೊತ್ತು ಬಿಟ್ಟು ಅದರ ಕೆಳಗೆ
ಟ್ಯಾಕ್ಸಿಯವನು ಎಂದು ಬರೆದೆ, ಹೊಡೆದುಹಾಕಿದೆ,
ಮತ್ತೆ ಬರೆದೆ.

ರಾತ್ರಿ ನಾರೆ ಕೇಳಿದಳು, "ಅಲ್ಲಿ ಹಿಮ ಇದೆಯಾ?"
"ಇದೆ."
"ಎಷ್ಟೆತ್ತರ?"
ಕೈಯಿಂದ ತೋರಿಸಹೋದವಳು ಅರ್ಧಕ್ಕೇ ಕೈ ಇಳಿಸಿದೆ.

ಇವತ್ತು ಗುರುವಾರ.
ವರ್ದ್ಗೆಸ್ ಏನೂ ಕೇಳುತ್ತಿಲ್ಲ,
ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತಿದ್ದಾನೆ.
ಆ ಕಾಲದ ಚಿಲ್ಲರೆಗೆ ಒಂದು ಗುಣವಿತ್ತು,
ಎಷ್ಟು ಕೊಪೆಕ್ಕೋ ಅಷ್ಟೇ ಗ್ರಾಂ.
ಗುಂಡಿ ಹಾಕಿಡುವ ಡಬ್ಬಿಯನ್ನು ಮಂಚದ ಮೇಲೆ ಸುರಿದು ಹುಡುಕಿದೆ.
ಎರಡರದು ಸಿಗಲಿಲ್ಲ, ಮೂರರದು ಸಿಕ್ಕಿತು.
ಒಂದು ಗ್ರಾಂ ಹೆಚ್ಚು.
ಇರಲಿ ಎಂದು ಕೋಟಿನ ಜೇಬಿಗೆ ಹಾಕಿಕೊಂಡಿದ್ದೇನೆ.