ಷರಾ

ಮೇಟಗಳ್ಳಿಯ ಲ್ಯಾಬಿನಲ್ಲಿ ರಾತ್ರಿ ಹನ್ನೊಂದು.
ಆರ್ಗಾನ್ ಸಿಲಿಂಡರಿನ ಮುಳ್ಳು ಇಳಿಯುತ್ತಿದೆ.
ಪೆಟ್ಟಿಗೆಯೊಳಗೆ ಹೆಬ್ಬೆರಳಷ್ಟು ಬೆಂಕಿ,
ಸೂರ್ಯನ ಮೈಗಿಂತ ಬಿಸಿ;
ಅದರ ಬಾಯಿಗೆ ಮಂಜಾಗಿ ಹೋಗುತ್ತಿದೆ
ಮದ್ದೂರಿನಾಚೆ ಬಿಲ್ಲೇನಕೊಪ್ಪಲಿನ
ಶಾಲೆ ಬೋರಿನ ನೀರು.

ಎಪ್ಪತ್ತೈದರ ಮನೆಯಲ್ಲಿ ಮೂವತ್ತೆಂಟು.
ಆರ್ಸೆನಿಕ್ಕಿನ ಮನೆ ಅದು.
ಲೀಟರಿಗೆ ಹತ್ತು ಮೈಕ್ರೊಗ್ರಾಂ ದಾಟಿದರೆ
ಪಂಪಿಗೆ ಕೆಂಪು ಬಣ್ಣ.
ಇಲಿಯಾಸ್ ಸಾರ್ ಆಗಲೇ ಪತ್ರದ ಕರಡು ಟೈಪಿಸಿ
ಅಂಕಿಯ ಜಾಗ ಮಾತ್ರ ಬಿಟ್ಟು ಮನೆಗೆ ಹೋಗಿದ್ದಾರೆ.

ಬರೆಯಲು ಕೈ ಬರಲಿಲ್ಲ.
ಈ ಯಂತ್ರಕ್ಕೆ ಮುಖ ಗೊತ್ತಿಲ್ಲ, ತೂಕ ಗೊತ್ತು,
ಗೋಣಿಯೊಳಗೆ ಭತ್ತವೋ ಜೊಳ್ಳೋ ಕೇಳದ ತಕ್ಕಡಿ.
ನಲವತ್ತರ ಆರ್ಗಾನ್
ಮೂವತ್ತೈದರ ಕ್ಲೋರಿನ್ನಿನ ಹೆಗಲಿಗೆ ಕೈ ಹಾಕಿ ಬಂದರೂ
ಬಾಗಿಲು ತೆರೆಯುತ್ತದೆ.

ಬಾಟಲಿಯ ಜೊತೆ ಬಂದ ಹಾಳೆ ತಿರುವಿದೆ.
ಷರಾ ಕಲಮಿನಲ್ಲಿ, ಬಿಸಿಯೂಟದ ಜವರಮ್ಮ ಹೇಳಿದ್ದನ್ನು
ಆರನೇ ಕ್ಲಾಸಿನ ಯಾರೋ ಒಂದಕ್ಷರ ಬಿಡದೆ ಬರೆದದ್ದು:
“ಬರ್ಕೊ ಮಗ, ಸಾರಿಗೆ ನಾನು ಉಪ್ಪೇ ಆಕಕಿಲ್ಲ, ನೀರೇ ಸಾಕು.
ನಾಲೆ ಬಂದ್ಮೇಲೆ ನೆಲ ಚೌಳಾಗೋಯ್ತು.”

ಸರಿ. ಉಪ್ಪಿನ ಕ್ಲೋರಿನ್ನಿಗೆ ಮೂವತ್ತೇಳರ ತಮ್ಮನಿದ್ದಾನೆ,
ಮೂವರು ಅಣ್ಣಂದಿರಿಗೆ ಒಬ್ಬ, ಯಾವ ಊರಲ್ಲೂ ಇದೇ ಲೆಕ್ಕ.
ಅವನೂ ಆರ್ಗಾನಿನ ಜೊತೆಗೂಡಿ
ಎಪ್ಪತ್ತೇಳರ ಮನೆಯಲ್ಲಿ ಕೂತಿರಬೇಕು.
ಎಣಿಸಿದೆ. ಮೂರೂ ಚಿಲ್ಲರೆಯಿಂದ ಗುಣಿಸಿದೆ. ಕಳೆದೆ.
ಮೈನಸ್ ಆರು.

ಸೊನ್ನೆಗಿಂತ ಕಡಿಮೆ ವಿಷದ ನೀರು
ಯಾವ ಬೋರಿನಲ್ಲೂ ಹುಟ್ಟಿಲ್ಲ.
ಮೊದಲು ನಗು ಬಂತು, ಆಮೇಲೆ ಹೆದರಿಕೆ:
ಮೈನಸ್ ಇಲ್ಲದೆ ಬರೀ ಎರಡೋ ಮೂರೋ ಬಂದಿದ್ದರೆ
ಯಾರೂ ಮತ್ತೆ ಕೇಳುತ್ತಿರಲಿಲ್ಲ. ನಾನೂ.

ಎಪ್ಪತ್ತೇಳರ ಮೂಲೆಯಲ್ಲಿ ಸೆಲೆನಿಯಂ ಬಾಡಿಗೆಗಿದೆ.
ಅದರ ಪಾಲು ತಿಳಿಯಲು ಎಂಬತ್ತೆರಡಕ್ಕೆ ಹೋಗಬೇಕು;
ಹೋದರೆ ಅಲ್ಲಿ ಕ್ರಿಪ್ಟಾನ್,
ನಾವೇ ದುಡ್ಡು ಕೊಟ್ಟು ತಂದ ಸಿಲಿಂಡರಿನೊಳಗೆ
ಟಿಕೆಟ್ಟಿಲ್ಲದೆ ಬಂದದ್ದು.
ತಿದ್ದಿದ್ದನ್ನು ತಿದ್ದುತ್ತ ಒಂದೂಕಾಲಾಯಿತು.
ಐದು.

ನಂಬಿಕೆ ಸಾಲದೆ ಹೀಲಿಯಂ ಬಿಟ್ಟೆ.
ಇಕ್ಕಟ್ಟಿನ ಓಣಿ; ಜೋಡಿಯಾಗಿ ಬಂದವರಿಗೆ ಡಿಕ್ಕಿ ಹೆಚ್ಚು,
ಹೊಸ್ತಿಲು ದಾಟುವಷ್ಟು ಉಸಿರು ಉಳಿಯುವುದಿಲ್ಲ.
ಒಂಟಿಯಾಗಿ ಬಂದದ್ದು ನುಸುಳಿತು.
ನಾಲ್ಕು.

ಸೊನ್ನೆಯಲ್ಲ.
ಉಪ್ಪನ್ನು ಜವರಮ್ಮನ ನಾಲಿಗೆ
ಒಂದೂವರೆ ಕೋಟಿಯ ಯಂತ್ರಕ್ಕಿಂತ ಮೊದಲೇ ಹಿಡಿದಿತ್ತು.
ಈ ನಾಲ್ಕಕ್ಕೆ ರುಚಿಯಿಲ್ಲ.
ಇದಕ್ಕೇ ನನಗೆ ಸಂಬಳ.

ಕರಡು ಹರಿದು ಹೊಸದು ಬರೆದೆ:
ಬಣ್ಣ ಬೇಡ. ಕಟ್ಟು ನೀರು ನಿಂತ ಮೇಲೆ
ಇನ್ನೊಂದು ಬಾಟಲಿ ಕಳಿಸಿ. ಮುಚ್ಚಳ ಬಿಗಿಯಿರಲಿ.
ಷರಾ ಕಲಂ ಖಾಲಿ ಬಿಡಬೇಡಿ,
“ಬರ್ಕೊ ಮಗ” ಅನ್ನುವುದನ್ನೂ.